ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು

ನಾನು ತಾಲ್ಲೂಕು ಶಿಕ್ಷಕರ ಸಂಘದ ಪದಾಧಿಕಾರಿಯಾಗಿದ್ದ ವರ್ಷಗಳಲ್ಲಿ, ಸೇವೆಯಲ್ಲಿರುವಾಗಲೇ ತೀರಿಕೊಂಡ ಮೇಷ್ಟ್ರುಗಳ ಮನೆಗೆ ಹೋಗಿ ಅವರ ಪತ್ನಿಯನ್ನು ಮಾತಾಡಿಸಿಕೊಂಡು ಬರುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು. ಮಣ್ಣಿನ ದಿನ ಎಲ್ಲರೊಂದಿಗೆ ಹೋಗಿ ಹಾರ ಹಾಕಿ, ಕೈಮುಗಿದು ಬರುತ್ತಿದ್ದೆ. ಆ ಗದ್ದಲದಲ್ಲಿ ಯಾರು ಏನೆಂದರೆಂಬುದು ಆಕೆಯ ಕಿವಿಗೆ ಬೀಳುವುದಿಲ್ಲ. ನಿಜವಾದ ಭೇಟಿಯನ್ನು ತಿಥಿ ಮುಗಿದು, ನೆಂಟರು ಬಸ್ಸು ಹತ್ತಿ, ಮನೆ ಬರಿದಾದ ಮೇಲೆ ಇಟ್ಟುಕೊಳ್ಳುತ್ತಿದ್ದೆ.

ಜೊತೆಗೆ ನನ್ನ ಹೆಂಡತಿಯೂ ಬರುತ್ತಿದ್ದಳು. ಅವಳು ಪಕ್ಕದಲ್ಲಿ ಕೈಹಿಡಿದು ಕುಳಿತರೆ ನಾನು ಆಡಬೇಕಾದ ಅರ್ಧ ಮಾತು ಉಳಿಯುತ್ತಿತ್ತು. ಏನಾಗಿತ್ತು, ಯಾವ ಆಸ್ಪತ್ರೆ, ಮೊದಲೇ ತೋರಿಸಬಾರದಿತ್ತೇ ಎಂದು ನಾವು ಕೇಳುತ್ತಿರಲಿಲ್ಲ. ಬಂದವರಿಗೆಲ್ಲ ಅದನ್ನೇ ಒಪ್ಪಿಸಿ ಆಕೆ ಬಳಲಿರುತ್ತಾರೆ; ಅಲ್ಲದೆ ಕೊನೆಯ ಪ್ರಶ್ನೆಯಲ್ಲಿ ತಪ್ಪು ಆಕೆಯದೇ ಎಂಬ ಧ್ವನಿಯಿದೆ. ನರಳದೆ ಹೋದರು, ಪುಣ್ಯವಂತರು ಎಂಬ ಮಾತನ್ನು ಆಕೆಯೇ ಆಡಿದರೆ ಹೂಂಗುಟ್ಟಬಹುದೇ ಹೊರತು ನಾವಾಗಿ ಆಡಬಾರದು ಎಂಬುದು ನನ್ನ ಅಭಿಪ್ರಾಯ.

ಅದರ ಬದಲು, ತೀರಿಕೊಂಡವರ ಬಗ್ಗೆ ಆಕೆಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನೆನಪು ಮಾಡಿಕೊಂಡು ಹೋಗುತ್ತಿದ್ದೆ. ಒಬ್ಬ ಮುಖ್ಯೋಪಾಧ್ಯಾಯರಿಗೆ, ತಡವಾಗಿ ಬಂದ ಮಕ್ಕಳ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಸಂಜೆ ಯಾರೂ ಇಲ್ಲದಾಗ ಅಷ್ಟನ್ನೂ ರಬ್ಬರಿನಿಂದ ಅಳಿಸಿಬಿಡುವ ಅಭ್ಯಾಸವಿತ್ತು. ಅದನ್ನು ಹೇಳಿದಾಗ ಅವರ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೇಲೂ ಹಾಗೇ ಸಾರ್, ಬೈದು ಅರ್ಧ ಗಂಟೆಗೆಲ್ಲ ತಾವೇ ಕಾಫಿ ಮಾಡಿ ತಂದುಕೊಡೋರು” ಎಂದರು. ಆಮೇಲೆ ಒಂದು ಗಂಟೆ ಅವರೇ ಮಾತಾಡಿದರು, ನಾವು ಕೇಳಿದೆವು.

ಕಾಗದಪತ್ರದ ಮಾತನ್ನು ಮೊದಲ ಭೇಟಿಯಲ್ಲಿ ಎತ್ತುತ್ತಿರಲಿಲ್ಲ. ಮರಣ ನೋಂದಣಿಗೆ 21 ದಿನಗಳ ಗಡುವಿರುವುದರಿಂದ ಅದೊಂದನ್ನು ಮಾತ್ರ ಮನೆಯ ಹುಡುಗರ ಹತ್ತಿರ ವಿಚಾರಿಸಿಕೊಳ್ಳುತ್ತಿದ್ದೆ. ಕುಟುಂಬ ಪಿಂಚಣಿ, ರಾಜ್ಯ ಸರ್ಕಾರಿ ನೌಕರರಿಗಿರುವ ಕೆಜಿಐಡಿ ವಿಮೆ, ಗಳಿಕೆ ರಜೆಯ ಹಣ, ಇವೆಲ್ಲ ಎರಡನೆಯ ಭೇಟಿಗೆ. ಆಗಲೂ ಭಾವಮೈದುನನನ್ನೋ ಅಳಿಯನನ್ನೋ ನೋಡಿಕೊಂಡು ವಿವರಿಸದೆ ಆಕೆಗೇ ಹೇಳಬೇಕು, ಏಕೆಂದರೆ ಸಹಿ ಹಾಕಬೇಕಾದವರು ಆಕೆ. ಸೇವಾ ಪುಸ್ತಕದ ನಾಮನಿರ್ದೇಶನದಲ್ಲಿ ಲಕ್ಷ್ಮಮ್ಮ ಎಂದೂ ಆಧಾರ್‌ನಲ್ಲಿ ಲಕ್ಷ್ಮೀದೇವಿ ಎಂದೂ ಇದ್ದರೆ ಕಡತ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಹೆಸರುಗಳನ್ನು ಅಂದೇ ತಾಳೆ ನೋಡುತ್ತಿದ್ದೆ.

ಹೊರಡುವಾಗ “ಹೋಗಿ ಬರ್ತೀವಿ” ಎನ್ನಬಾರದೆಂಬ ರೂಢಿಯನ್ನು ನಾವೂ ಪಾಲಿಸುತ್ತಿದ್ದೆವು. ಮುಂದೆ ಯಾವ ದಿನ ಬರುತ್ತೇವೆಂಬುದನ್ನು ಮಾತಿನ ನಡುವೆಯೇ ತಿಳಿಸಿರುತ್ತಿದ್ದೆವು. ವರ್ಷಾಬ್ದಿಕದವರೆಗೆ ಆ ಮನೆಯಲ್ಲಿ ಹಬ್ಬವಿಲ್ಲವಾದ್ದರಿಂದ ಯುಗಾದಿಯ ಒಬ್ಬಟ್ಟು ನಮ್ಮ ಮನೆಯಿಂದ ಹೋಗುತ್ತಿತ್ತು. ನವರಾತ್ರಿಯ ಬೊಂಬೆ ನೋಡಲು ಆಕೆಯನ್ನು ಕರೆದು, ಉಳಿದವರಿಗೆ ಕೊಟ್ಟಂತೆಯೇ ನನ್ನ ಹೆಂಡತಿ ಅರಿಶಿನ ಕುಂಕುಮ ಕೊಡುತ್ತಿದ್ದಳು. ಇದಕ್ಕೆ ಮುಖ ಸಿಂಡರಿಸಿದ ನೆರೆಹೊರೆಯವರೂ ಇದ್ದರು, ಬೇಡವೆಂದು ತಾವೇ ಕೈ ಹಿಂದೆಗೆದುಕೊಂಡವರೂ ಇದ್ದರು. ಅಂಥವರಿಗೆ ನಾವು ಒತ್ತಾಯ ಮಾಡಲಿಲ್ಲ. ಅನುಕಂಪದ ನೌಕರಿಗೆ ಮರಣದ ದಿನದಿಂದ 1 ವರ್ಷದೊಳಗೆ ಅರ್ಜಿ ಸಲ್ಲಿಸಬೇಕಾಗಿರುವುದರಿಂದ, ಮಗನನ್ನೋ ಮಗಳನ್ನೋ ಸೇರಿಸುವ ವಿಚಾರವಿದೆಯೇ, ಅಥವಾ ತಾವೇ ಸೇರುವಿರಾ ಎಂದು ಆ ನವರಾತ್ರಿಯ ಹೊತ್ತಿಗೆ ಕೇಳುತ್ತಿದ್ದೆ. ತಾವೇ ಸೇರುತ್ತೇವೆಂದವರೂ ಇದ್ದಾರೆ.