ನೊಂದ ಮಕ್ಕಳ ಸಂಸ್ಥೆಯಲ್ಲಿ ಟ್ರಸ್ಟಿಗಳ ಕೆಲಸ: ನಮ್ಮ ಅನುಭವ

ಕಾಯಿಲೆಯಲ್ಲಿರುವ ಮಕ್ಕಳಿಗೆ, ಅಪ್ಪನನ್ನೋ ಅಮ್ಮನನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಹುಡುಗ ಹುಡುಗಿಯರಿಗೆ ಆಸರೆಯಾಗುವ ಸಂಸ್ಥೆಯಲ್ಲಿ ಮಕ್ಕಳ ಜೊತೆ ಕೂರುವವರು ಸಿಬ್ಬಂದಿ ಮತ್ತು ಸ್ವಯಂಸೇವಕರು. ಟ್ರಸ್ಟಿಗಳು ಮಕ್ಕಳ ಕಣ್ಣಿಗೆ ಬೀಳುವುದೇ ಕಡಿಮೆ. ಆದರೆ ಮುಂದಿನ ವಾರ ಆ ಮಗು ಬಂದಾಗ ಅದೇ ಕೋಣೆ, ಅದೇ ಹೊತ್ತು, ಅದೇ ಮುಖಗಳು ಇರುತ್ತವೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಟ್ರಸ್ಟಿಗಳ ಸಭೆಯಲ್ಲಿ. ಒಮ್ಮೆ ಅಗಲಿಕೆ ಕಂಡ ಮಗುವಿನ ಕೈಯನ್ನು ನಾವೂ ನಡುದಾರಿಯಲ್ಲಿ ಬಿಡಬಾರದು. ನಮ್ಮ ನಿಯಮಗಳೆಲ್ಲ ಹುಟ್ಟಿದ್ದು ಇಲ್ಲಿಂದ.

ಮೊದಲು ದುಡ್ಡಿನ ವಿಷಯ. ನಮ್ಮ ಒಂದು ಗುಂಪೆಂದರೆ ಎಂಟು ಮಕ್ಕಳು, ಹತ್ತು ವಾರ, ವಾರಕ್ಕೆ ಒಂದೂವರೆ ಗಂಟೆ. ತರಬೇತಾದವರು ಇಬ್ಬರು, ಜೊತೆಗೆ ಒಬ್ಬ ಸ್ವಯಂಸೇವಕ. ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದು ಈ ಮೂರನೆಯವರ ಮೇಲೆ. ಅದು ತಪ್ಪು. ಮಗುವೊಂದು ಅಳುತ್ತಾ ಎದ್ದು ಹೊರಗೆ ಹೋದರೆ ಒಬ್ಬರು ಹಿಂದೆಯೇ ಹೋಗಬೇಕು, ಆಗಲೂ ಒಳಗೆ ಇಬ್ಬರು ದೊಡ್ಡವರು ಉಳಿಯಬೇಕು. ಹತ್ತೂ ವಾರದ ಸಂಬಳ, ಕೋಣೆಯ ಬಾಡಿಗೆ, ಮಕ್ಕಳ ಓಡಾಟ, ಸಿಬ್ಬಂದಿಗೆ ಬೇಕಾದ ಆಪ್ತಸಲಹೆ, ಎಲ್ಲಕ್ಕೂ ಹಣ ಕೈಗೆ ಬಂದಿದ್ದರೆ ಮಾತ್ರ ಮೊದಲ ವಾರ ಶುರು. ‘ಬರುತ್ತದೆ’ ಎಂದು ಹೇಳಿದ ದೇಣಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಯ್ದಿಟ್ಟ ಹಣ ಎಷ್ಟಿರಬೇಕು ಎಂದರೆ ಮೂರು ತಿಂಗಳದ್ದು, ಆರು ತಿಂಗಳದ್ದು ಎಂಬ ಸಿದ್ಧ ಉತ್ತರ ಸಿಗುತ್ತದೆ. ನಾವು ಬೇರೆ ರೀತಿ ಲೆಕ್ಕ ಹಾಕುತ್ತೇವೆ. ಇವತ್ತೇ ಎಲ್ಲ ದೇಣಿಗೆ ನಿಂತರೆ, ನಡೆಯುತ್ತಿರುವ ಗುಂಪುಗಳನ್ನು ಕೊನೆಯ ವಾರದವರೆಗೆ ನಡೆಸಲು ಎಷ್ಟು, ಒಬ್ಬೊಬ್ಬರಾಗಿ ಬರುವ ಮಕ್ಕಳನ್ನು ಬೇರೆ ಸಂಸ್ಥೆಗೆ ಸರಿಯಾಗಿ ಒಪ್ಪಿಸಲು ಎಷ್ಟು, ಸಿಬ್ಬಂದಿಗೆ ಕೊಡಬೇಕಾದ ಬಾಕಿ ಎಷ್ಟು? ಮೂರನ್ನೂ ಕೂಡಿದರೆ ಬರುವುದೇ ನಮ್ಮ ಗಡಿ. ಇಂಥದ್ದಕ್ಕೇ ಖರ್ಚು ಮಾಡಿ ಎಂದು ಕೊಟ್ಟ ಹಣವನ್ನು ಇದರಲ್ಲಿ ಸೇರಿಸಬಾರದು. ಬ್ಯಾಂಕಿನಲ್ಲಿರುವ ಒಟ್ಟು ಮೊತ್ತವನ್ನು ತೋರಿಸುವ ಲೆಕ್ಕಪತ್ರ ಟ್ರಸ್ಟಿಗಳ ಕಣ್ಣಿಗೆ ಮಂಕುಬೂದಿ ಎರಚುತ್ತದೆ. ಇಂಥದ್ದಕ್ಕೇ ಎಂದು ಬಂದ ಹಣ ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ, ಹೀಗೆ ಖಜಾಂಚಿಯವರಿಂದ ಎರಡು ಕಾಲಮ್ಮು ಕೇಳಿ ಪಡೆಯಿರಿ.

ದೇಣಿಗೆ ಕೊಡುವವರು ಎಷ್ಟು ಮಕ್ಕಳು ‘ಸರಿಹೋದರು’ ಎಂದು ಕೇಳುತ್ತಾರೆ. ದುಃಖ ಹಾಗೆ ನಡೆಯುವುದಿಲ್ಲ. ಅಗಲಿಕೆಯ ನೋವಿಗೂ ದಿನದ ಬದುಕಿಗೂ ನಡುವೆ ಮನಸ್ಸು ತೂಗಾಡುತ್ತಿರುತ್ತದೆ ಎಂದು 1999ರಲ್ಲಿ ಸಂಶೋಧಕರಾದ ಸ್ಟ್ರೋಬ ಮತ್ತು ಶುಟ್ ವಿವರಿಸಿದರು; ಮಕ್ಕಳಲ್ಲಿ ಇದು ಇನ್ನೂ ಚುರುಕು. ಈಗ ಬಿಕ್ಕಿದ ಮಗು ಐದು ನಿಮಿಷಕ್ಕೆ ಚೆಂಡಿನ ಹಿಂದೆ ಓಡುತ್ತದೆ. ಅದೂ ಅಲ್ಲದೆ ಸಾವು ಮರಳಿ ಬಾರದ್ದು, ಎಲ್ಲರಿಗೂ ಬರುವಂಥದ್ದು ಎಂಬ ಅರಿವು ಹೆಚ್ಚಿನ ಮಕ್ಕಳಲ್ಲಿ ಐದರಿಂದ ಏಳು ವರ್ಷದ ಆಸುಪಾಸಿನಲ್ಲಿ ಬಲಿಯುತ್ತದೆ. ನಾಲ್ಕರಲ್ಲಿ ಅಮ್ಮನನ್ನು ಕಳೆದುಕೊಂಡ ಹುಡುಗಿಗೆ ಒಂಬತ್ತರಲ್ಲಿ ಹೊಸ ಪ್ರಶ್ನೆಗಳು ಹುಟ್ಟುವುದು ಸಹಜ. ಆದ್ದರಿಂದ ನಮ್ಮ ಕಡತದಲ್ಲಿ ‘ಮುಗಿದಿದೆ’ ಎಂಬ ಷರಾ ಇಲ್ಲ, ‘ಸದ್ಯಕ್ಕೆ ವಿರಾಮ’ ಎಂದಿದೆ. ವರದಿಯಲ್ಲಿ ನಾವು ಕೊಡುವುದು ಇಷ್ಟು: ಮಕ್ಕಳು ತಮ್ಮ ಸರದಿಗೆ ಎಷ್ಟು ದಿನ ಕಾದರು, ಎಷ್ಟು ಮಂದಿ ಕೊನೆಯ ವಾರದವರೆಗೆ ಬಂದರು, ನಡುವೆ ಬಿಟ್ಟವರನ್ನು ಯಾರು ವಿಚಾರಿಸಿದರು. ಐದಕ್ಕಿಂತ ಕಡಿಮೆ ಇರುವ ಅಂಕಿಯನ್ನು ಅಚ್ಚು ಹಾಕುವುದಿಲ್ಲ. ಊರಿಗೆ ಒಬ್ಬಳೇ ಇರುವ ಕಾಯಿಲೆಯ ಹುಡುಗಿಯನ್ನು ಗುರುತಿಸಲು ಹೆಸರು ಬೇಕಿಲ್ಲ.

ಟ್ರಸ್ಟಿಗಳು ಏಳರಿಂದ ಒಂಬತ್ತು ಮಂದಿ ಸಾಕು. ಮಕ್ಕಳ ಶುಶ್ರೂಷೆ ಗೊತ್ತಿರುವವರು, ಲೆಕ್ಕ ಗೊತ್ತಿರುವವರು, ಮಕ್ಕಳ ರಕ್ಷಣೆಗೆ ಹೆಸರು ಹೇಳಿ ನೇಮಿಸಿದ ಒಬ್ಬರು ಇರಲೇಬೇಕು. ಮಗುವನ್ನು ಕಳೆದುಕೊಂಡ ತಂದೆತಾಯಿಯರು ಬರಬೇಕು, ಆದರೆ ಕನಿಷ್ಠ ಎರಡು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲು ಕರೆದರೆ ಸಭೆಯ ಒಂದೊಂದು ತೀರ್ಮಾನವೂ ಅವರಿಗೆ ತಮ್ಮ ಮಗುವಿನದೇ ತೀರ್ಮಾನವಾಗುತ್ತದೆ. ಅವರನ್ನು ಹಾಗೆ ನೋಯಿಸುವ ಹಕ್ಕು ಸಂಸ್ಥೆಗಿಲ್ಲ. ಒಬ್ಬರನ್ನೇ ಕೂರಿಸಬೇಡಿ, ಇಬ್ಬರಿರಲಿ.

ಹರೆಯದವರಿಗೂ ಇದೇ ಮಾತು. ಟ್ರಸ್ಟಿಯಾಗಲು ಕಾನೂನಿನ ವಯಸ್ಸಾಗದವರಿದ್ದರೆ ಸಲಹಾ ಗುಂಪು ಮಾಡಿ, ಅವರು ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದೆವು, ಯಾವುದನ್ನು ಒಪ್ಪಲಿಲ್ಲ, ಏಕೆ ಎಂದು ನಡಾವಳಿಯಲ್ಲಿ ಬರೆಯಿರಿ. ಕಾಗದಪತ್ರ ಎರಡು ಪುಟ ಮೀರದಿರಲಿ, ಏಳು ದಿನ ಮುಂಚೆ ಕೈ ಸೇರಲಿ. ಓಡಾಟದ ದುಡ್ಡನ್ನು ಮೊದಲೇ ಕೊಡಿ, ರಸೀದಿ ತಂದ ಮೇಲಲ್ಲ. ಕ್ಯಾನ್ಸರಿಗೆ ಕೀಮೋ ಔಷಧಿ ಪಡೆಯುತ್ತಿರುವವರಿದ್ದರೆ ಅವರ ಚಿಕಿತ್ಸೆಯ ದಿನಗಳನ್ನು ಕೇಳಿಯೇ ಸಭೆಯ ದಿನ ಗೊತ್ತು ಮಾಡುತ್ತೇವೆ. ಔಷಧಿ ಹಾಕಿದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಜನ ತುಂಬಿದ ಕೋಣೆ ಅಪಾಯ, ಫೋನಿನಲ್ಲೇ ಸೇರಲಿ. ಗುಂಪಿನ ಒಂದು ಮಗುವಿಗೆ ಚಿಕನ್‌ಪಾಕ್ಸ್ ಅಥವಾ ದಡಾರ ಬಂದರೆ ಉಳಿದೆಲ್ಲ ಮನೆಗಳಿಗೆ ಅದೇ ದಿನ ಫೋನು ಹೋಗಬೇಕು. ರೋಗನಿರೋಧಕ ಶಕ್ತಿ ಕುಗ್ಗಿದ ಮಗುವಿಗೆ ಕೊಡುವ ರಕ್ಷಣೆಯ ಮದ್ದಿಗೆ ದಿನಗಳ ಗಡುವಿದೆ. ಆ ಫೋನ್ ಪಟ್ಟಿ ವರ್ಷಕ್ಕೆರಡು ಸಲವಾದರೂ ಸರಿಯಿದೆಯೇ ಎಂದು ನೋಡುವುದು ಟ್ರಸ್ಟಿಯ ಕೆಲಸವೇ.

ಇನ್ನು, ಮಗು ತೀರಿಕೊಂಡಾಗ. ಆ ಮಗುವಿನ ಹೆಸರಿಗೆ ಸಂಸ್ಥೆಯಿಂದ ಹುಟ್ಟುಹಬ್ಬದ ಕಾರ್ಡು ಹೋಗುವುದಕ್ಕಿಂತ ದೊಡ್ಡ ಗಾಯ ನಾವು ಮಾಡಲಾರೆವು. ಇದು ಆಗುವುದು ಉದಾಸೀನದಿಂದಲ್ಲ, ಹೆಸರು ನಾಲ್ಕು ಕಡೆ ಇರುವುದರಿಂದ: ಕಚೇರಿಯ ಕಂಪ್ಯೂಟರು, ಸ್ವಯಂಸೇವಕರ ಫೋನು, ಕಾರ್ಯಕ್ರಮಗಳ ಆಹ್ವಾನ ಪಟ್ಟಿ, ಮೊದಲೇ ಅಚ್ಚಾದ ವಿಳಾಸದ ಚೀಟಿ. ಹೆಚ್ಚು ಎಡವುವುದು ಕೊನೆಯದರಲ್ಲಿ. ಅಚ್ಚಾಗಿ ಎರಡು ವಾರ ಡ್ರಾಯರಿನಲ್ಲಿದ್ದ ಚೀಟಿಗೆ ನಡುವೆ ಏನಾಯಿತೆಂದು ತಿಳಿಯದು. ಆದ್ದರಿಂದ ಅಂಚೆಗೆ ಹಾಕುವ ದಿನವೇ ಅಚ್ಚು ಮಾಡಿ. ಸುದ್ದಿ ಬಂದ ದಿನವೇ ನಾಲ್ಕೂ ಕಡೆ ತಿದ್ದುವ ಹೊಣೆ ಒಬ್ಬರದು. ಅವರು ರಜೆಯಲ್ಲಿದ್ದರೆ ಯಾರು ಎಂಬುದೂ ಬರೆದಿರಲಿ. ತಿದ್ದುವಾಗ ಅಳಿಸಬೇಡಿ, ಗುರುತು ಹಾಕಿ. ಅಳಿಸಿದರೆ ಆ ಮನೆಯ ಅಣ್ಣನೋ ತಂಗಿಯೋ ಪಟ್ಟಿಯಿಂದ ಜಾರಿಹೋಗುತ್ತಾರೆ, ಅವರಿಗೆ ನಮ್ಮ ಅಗತ್ಯ ಶುರುವಾಗುವುದೇ ಆಗ. ಮಗುವಿನ ಫೋಟೊ ಎಲ್ಲೆಲ್ಲಿದೆ ಎಂದು ಮೊದಲು ಪಟ್ಟಿ ಮಾಡಿಕೊಂಡು, ಕೆಲವು ವಾರ ಬಿಟ್ಟು ಪರಿಚಯದವರೇ ಮನೆಯವರನ್ನು ಕೇಳುತ್ತಾರೆ. ಗೋಡೆಯಿಂದ ತೆಗೆಯಿರಿ ಎನ್ನುವವರಿದ್ದಾರೆ, ಅಲ್ಲೇ ಇರಲಿ ಎನ್ನುವವರೂ ಇದ್ದಾರೆ. ಅವರು ಹೇಳುವವರೆಗೆ ಅದನ್ನು ಹೊಸದಾಗಿ ಎಲ್ಲೂ ಬಳಸುವುದಿಲ್ಲ, ಇದ್ದ ಜಾಗದಿಂದ ತೆಗೆಯುವುದೂ ಇಲ್ಲ. ಮಗು ತೀರಿಕೊಂಡು ಒಂದು ವರ್ಷ ತುಂಬುವ ತಾರೀಕನ್ನು ಸುದ್ದಿ ಬಂದ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ. ಅದಕ್ಕೆ ಒಂದು ವಾರ ಮುಂಚೆ ಆ ಮನೆಯ ಉಳಿದ ಮಕ್ಕಳ ಹೆಸರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆ, ಕೈಯಲ್ಲಿ ಬರೆದ ಪತ್ರ ಹೋಗುತ್ತದೆ.