‘ಸ್ಕ್ಯಾಟರ್’ ಅನ್ನು ಕನ್ನಡಕ್ಕೆ ತರುವುದು ಹೇಗೆ?

ಶಿರಸಿಯಲ್ಲಿ ನನ್ನ ಬಳಿ ಸಂಜೆ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಅನುವಾದದ ಪಟ್ಟಿಯಲ್ಲಿ ಹೀಗೆ ಬರೆದಿದ್ದಳು: ‘ಅಜ್ಜಿ ಅಂಗಳದಲ್ಲಿ ಅಡಿಕೆ ಚದುರಿಸಿದಳು.’ ಓದಿದರೆ ಅಜ್ಜಿಗೆ ಯಾರ ಮೇಲೋ ಸಿಟ್ಟು ಬಂದಿತ್ತು ಅನ್ನಿಸುತ್ತದೆ, ಅಲ್ವಾ? ಅಡಿಕೆಯನ್ನು ಚದುರಿಸುವುದಿಲ್ಲ, ಒಣಗಲು ಹರವುತ್ತೇವೆ. ಆದರೆ ‘ಸ್ಕ್ಯಾಟರ್’ ಎದುರು ಅವಳ ಡಿಕ್ಷನರಿ ಕೊಟ್ಟಿದ್ದು ಅದೊಂದೇ ಪದ.

ಹಾಗಾಗಿ ಮೊದಲು ನೋಡಬೇಕಾದ್ದು, ಹರಡುತ್ತಿರುವ ವಸ್ತು ಯಾವುದು ಅಂತ. ಕಾಳು, ಜನ, ಬೆಳಕು ಎಲ್ಲಕ್ಕೂ ಇಂಗ್ಲಿಷಿಗೆ ಒಂದೇ ಕ್ರಿಯಾಪದ ಸಾಕು. ನಮಗೆ ಸಾಲದು. ಬೀಜ ಬಿತ್ತುತ್ತೇವೆ, ಗೊಬ್ಬರ ಎರಚುತ್ತೇವೆ, ಅಂಗಳಕ್ಕೆ ನೀರು ಚಿಮುಕಿಸುತ್ತೇವೆ. ಗಾಳಿಗೆ ಕೂದಲು ಕೆದರುತ್ತದೆ. ಮದುಮಕ್ಕಳ ಮೇಲೆ ಅಕ್ಷತೆ ಸುಮ್ನೆ ‘ಹಾಕುತ್ತೇವೆ’. ಇಂಗ್ಲಿಷ್ ಕಥೆಯಲ್ಲಿ ಮಗ ಅಪ್ಪನ ಚಿತಾಭಸ್ಮವನ್ನು ಸಮುದ್ರಕ್ಕೆ ‘ಸ್ಕ್ಯಾಟರ್’ ಮಾಡಿದರೆ, ದಯವಿಟ್ಟು ‘ಎರಚಿದ’ ಎಂದು ಬರೆಯಬೇಡಿ. ಎರಚು ಅಂದ ಕೂಡಲೇ ನಮಗೆ ಕೆಸರು ನೆನಪಾಗುತ್ತದೆ, ಕಣ್ಣಿಗೆ ಮಣ್ಣು ನೆನಪಾಗುತ್ತದೆ. ಗೋಕರ್ಣಕ್ಕೆ ಹೋದವರು ಅಸ್ಥಿ ‘ಬಿಟ್ಟು’ ಬರುತ್ತಾರೆ. ಅದೇ ಸರಿ.

ಆಮೇಲೆ, ಅದು ತಾನಾಗಿ ಆಯಿತೋ, ಯಾರಾದರೂ ಮಾಡಿದರೋ ನೋಡಿ. ಗುಂಪು ಚದುರಿತು, ಪೊಲೀಸರು ಗುಂಪನ್ನು ಚದುರಿಸಿದರು. ಇಲ್ಲಿ ‘ಇಸು’ ಸೇರಬೇಕು. ಆದರೆ ‘ಚೆಲ್ಲು’ ಹಾಗಲ್ಲ: ಹಾಲು ಚೆಲ್ಲಿತು, ಮಗು ಹಾಲು ಚೆಲ್ಲಿತು, ಎರಡಕ್ಕೂ ಒಂದೇ ರೂಪ. ಹೆದರಿ ಓಡಿದವರು ದಿಕ್ಕಾಪಾಲಾಗುತ್ತಾರೆ. ಬೆಳಗಿನ ಜಾವ ಯಕ್ಷಗಾನ ಮುಗಿದ ಮೇಲೆ ಜನ ಮೆಲ್ಲಗೆ ಕರಗುತ್ತಾರೆ.

ಜಾಸ್ತಿ ಜನ ಎಡವುವುದು ‘ಸ್ಕ್ಯಾಟರ್ಡ್’ ವಿಶೇಷಣವಾಗಿ ಬಂದಾಗ. ನಮ್ಮ ಘಟ್ಟದ ಊರುಗಳಲ್ಲಿ ಮನೆಗಳು ‘ಚದುರಿದ’ವಲ್ಲ, ಅಲ್ಲೊಂದು ಇಲ್ಲೊಂದು ಇರುತ್ತವೆ. ಮಳೆಯದು ಇನ್ನೂ ನಾಜೂಕು. ಕಾರವಾರದಲ್ಲಿ ಬೋಟು ಇಳಿಸುವವರು ನೋಡುವ ಹವಾಮಾನ ಮುನ್ಸೂಚನೆಯಲ್ಲಿ ಈ ಪದಕ್ಕೆ ಲೆಕ್ಕವಿದೆ. ಒಂದು ಪ್ರದೇಶದ ಮಳೆ ಅಳೆಯುವ ಕೇಂದ್ರಗಳ ಪೈಕಿ ಶೇ 26ರಿಂದ 50ರಷ್ಟರಲ್ಲಿ ಮಳೆ ಬಿದ್ದರೆ ಅದು ‘ಸ್ಕ್ಯಾಟರ್ಡ್’. ಶೇ 25 ಅಥವಾ ಅದಕ್ಕಿಂತ ಕಡಿಮೆಯಾದರೆ ‘ಐಸೊಲೇಟೆಡ್’. ನಾನಾದರೆ ಮೊದಲನೆಯದನ್ನು ‘ಕೆಲವೆಡೆ’, ಎರಡನೆಯದನ್ನು ‘ಒಂದೆರಡು ಕಡೆ’ ಅನ್ನುತ್ತೇನೆ. ‘ಚದುರಿದ ಮಳೆ’ ಎಂದರೆ ಹನಿ ಮಳೆ ಎಂದು ತಿಳಿಯುವವರಿದ್ದಾರೆ. ಇದು ಎಷ್ಟು ಕಡೆ ಅನ್ನುವ ಲೆಕ್ಕ, ಎಷ್ಟು ಜೋರು ಅನ್ನುವುದಲ್ಲ. ಮಳೆ ಬಿದ್ದ ಕಡೆ ಕೊಡೆ ಮುರಿಯುವಷ್ಟೂ ಬೀಳಬಹುದು!

ಹಾಗಾದರೆ ‘ಚದುರು’ ಎಲ್ಲಿಗೆ ಒಪ್ಪುತ್ತದೆ? ಗುಂಪಿಗೆ, ಮೋಡಕ್ಕೆ, ಮತ್ತೆ ಬೆಳಕಿಗೆ. 1921ರಲ್ಲಿ ಹಡಗಿನಲ್ಲಿ ಹೋಗುತ್ತಿದ್ದ ಸಿ.ವಿ. ರಾಮನ್ ಅವರಿಗೆ ಮೆಡಿಟರೇನಿಯನ್ ಕಡಲಿನ ನೀಲಿ ಕಂಡು ಕುತೂಹಲ ಹುಟ್ಟಿತು. ಅದು ಬರೀ ಆಕಾಶದ ಬಿಂಬವಲ್ಲ, ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. ಅದೇ ಜಾಡಿನಲ್ಲಿ 1928ರ ರಾಮನ್ ಪರಿಣಾಮ, 1930ರ ನೊಬೆಲ್. ವಿಜ್ಞಾನದ ಪಾಠದಲ್ಲಿ ‘ಬೆಳಕಿನ ಚದುರುವಿಕೆ’ ಎಂದು ಧೈರ್ಯವಾಗಿ ಬರೆಯಿರಿ. ಅಲ್ಲಿ ಹರವು, ಎರಚು ಯಾವುದೂ ನಡೆಯುವುದಿಲ್ಲ.

ಹುಡುಗಿ ವಾಕ್ಯ ತಿದ್ದಿಕೊಂಡಳು. ಪೆನ್ಸಿಲ್ ಕಚ್ಚುತ್ತಾ ಕೇಳಿದಳು: “ಅಕ್ಕೋರೇ, ಮೋಡ ಆದಕೂಡ್ಲೆ ಅಜ್ಜಿ ಓಡಿಬಂದು ಅಡಿಕೆ ಬಾಚ್ತಾಳಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನು?”