ಟೇಬಲ್ ಮೇಲಿನ ಯುದ್ಧಕ್ಕೆ ಒಬ್ಬ ಕೇಡಿನ ದೇವರನ್ನು ಕಟ್ಟುವ ಬಗೆ

ಕೊಂಬು, ಕೋರೆಹಲ್ಲು, ರೆಕ್ಕೆ ಎಲ್ಲ ಆಮೇಲೆ. ಮೊದಲು ಒಂದು ಕಾಗದ ತಗೊಂಡು ಈ ಪ್ರಶ್ನೆಗೆ ಉತ್ತರ ಬರೆಯಿರಿ: ಈ ದೇವರು ತನ್ನ ಭಕ್ತನಿಗೆ ಏನು ಕೊಡುತ್ತಾನೆ?

ಸಾಗರದಲ್ಲಿ ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪುಟ್ಟ ಗೊಂಬೆ, ದಾಳ, ಅಳತೆ ಟೇಪು ಇಟ್ಟುಕೊಂಡು ಮೇಜಿನ ಮೇಲೆ ಯುದ್ಧ ಆಡುವ ಹುಡುಗರು ರೂಲ್ಸ್ ಪ್ರಿಂಟ್ ಹಾಕಿಸಲು ಇಲ್ಲಿಗೇ ಬರುತ್ತಾರೆ. ಭಾನುವಾರ ಅವರ ಜೊತೆ ನಾನೂ ಆಡುತ್ತೇನೆ. ಅವರು ಬರೆದು ತರುವ ರಾಕ್ಷಸ ರಾಜರಿಗೆ ನೂರು ಕೈ, ಸಾವಿರ ಕಣ್ಣು ಇರುತ್ತೆ. ‘ಲೋಕ ನಾಶ ಮಾಡುವುದೇ ಅವನ ಗುರಿ’ ಅಂತ ಕೊನೆಗೊಂದು ಸಾಲು ಇರುತ್ತೆ. ಸರಿ, ಲೋಕ ನಾಶವಾದರೆ ಅವನ ಭಕ್ತನಿಗೇನು ಲಾಭ? ಹರಕೆ ಹೊರುವವನು ಏನಾದರೂ ಬೇಕು ಅಂತಲೇ ಹೊರುತ್ತಾನೆ, ಅಲ್ವಾ?

ಈ ಪ್ರಕಾರದಲ್ಲಿ ಎಲ್ಲರೂ ನೋಡಿ ಕಲಿಯುವುದು ವಾರ್‌ಹ್ಯಾಮರ್‌ನ ನಾಲ್ಕು ದೇವರುಗಳನ್ನು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ಆ ಆಟ ತಂದಿತು. 1987ರಲ್ಲಿ ಅದರ ಬಾಹ್ಯಾಕಾಶದ ರೂಪ ಬಂತು. ಖೋರ್ನ್, ನರ್ಗಲ್, ಟ್ಸೀಂಚ್, ಸ್ಲಾನೆಶ್ ಎಂಬ ಈ ನಾಲ್ವರು ಮನುಷ್ಯರ ಭಾವನೆಗಳಿಂದಲೇ ಹುಟ್ಟಿ, ಅದನ್ನೇ ಉಂಡು ಬೆಳೆದವರು. ಖೋರ್ನ್ ಸಿಟ್ಟಿನ ದೇವರು. ಆದರೆ ಎದುರಾಬದುರು ನಿಂತು ಹೋರಾಡುವ ಧೈರ್ಯವೂ ಅವನದೇ. ಅದಕ್ಕೇ ಅವನಿಗೆ ಮಾಟಗಾರರನ್ನು ಕಂಡರೆ ಆಗುವುದಿಲ್ಲ. ಟ್ಸೀಂಚ್ ಸಂಚಿನ ದೇವರು. ‘ನಾಳೆ ನನ್ನ ಬದುಕು ಬದಲಾಗುತ್ತೆ’ ಅನ್ನುವ ಆಸೆಯೂ ಅವನಿಗೇ ಸೇರಿದ್ದು. ಸ್ಲಾನೆಶ್ ಭೋಗದ ದೇವರು. ತನ್ನ ಕೆಲಸ ಇನ್ನೂ ಚೆನ್ನಾಗಿರಲಿ ಅಂತ ಒದ್ದಾಡುವ ಕಲಾವಿದನೂ ಅವನ ಬಲೆಗೆ ಬೀಳುತ್ತಾನೆ.

ನನಗೆ ಎಲ್ಲರಿಗಿಂತ ಜಾಸ್ತಿ ಹಿಡಿಸಿದವನು ನರ್ಗಲ್. ರೋಗದ ದೇವರು, ಮೈಯೆಲ್ಲ ಕೀವು, ಹರಿದ ಹೊಟ್ಟೆಯಿಂದ ಹೊರಬಿದ್ದ ಕರುಳು. ಆದರೂ ಭಕ್ತರಿಗೆ ಅವನು ‘ಅಜ್ಜ’. ನಗುನಗುತ್ತಾ ಬರುತ್ತಾನೆ. ಮೊರ್ಟೇರಿಯನ್ ಎಂಬ ಸೇನಾಪತಿಯ ಕಥೆ ನೋಡಿ. ಅವನ ಹಡಗುಗಳು ದಾರಿ ಕಾಣದೆ ನಡುವೆ ಸಿಕ್ಕಿಕೊಳ್ಳುತ್ತವೆ. ಒಳಗೆ ಪ್ಲೇಗು ಹಬ್ಬುತ್ತೆ. ಯಾವ ವಿಷಕ್ಕೂ ಬಗ್ಗದ ಅವನ ಸೈನಿಕರು ಕೊಳೆಯುತ್ತಾರೆ, ಆದರೆ ಸಾಯುವುದಿಲ್ಲ. ಸಂಕಟ ತಡೆಯಲಾರದೆ ಅವನು ನರ್ಗಲ್‌ಗೆ ಶರಣಾಗುತ್ತಾನೆ. ಕೇಳಿದ್ದು ಸಿಕ್ಕಿತು, ನೋವು ಹೋಯಿತು. ಕೊಳೆತ ಮಾತ್ರ ಹಾಗೇ ಉಳಿಯಿತು. ಕೇಡಿನ ದೇವರು ಅಂದರೆ ಹೀಗಿರಬೇಕು. ಕೊಟ್ಟ ಮಾತು ತಪ್ಪುವುದಿಲ್ಲ, ಆದರೆ ಆ ಮಾತಿನೊಳಗೇ ಕೊಕ್ಕೆ ಇರುತ್ತೆ.

ಅದೇ ನರ್ಗಲ್ ಈಶಾ ಎಂಬ, ಎಲ್ಡಾರ್ ಅನ್ನುವ ಜನಾಂಗದ ದೇವತೆಯನ್ನು ಪಂಜರದಲ್ಲಿ ಇಟ್ಟುಕೊಂಡಿದ್ದಾನೆ. ಹೊಸ ರೋಗ ಬೇಯಿಸಿದಾಗಲೆಲ್ಲ ಮೊದಲು ಅವಳ ಮೇಲೇ ಪ್ರಯೋಗ. ಅವಳು ಗುಣವಾಗುತ್ತಾಳೆ, ಆ ರೋಗದ ಮದ್ದನ್ನು ಲೋಕದ ಜನರಿಗೆ ಪಿಸುಗುಟ್ಟುತ್ತಾಳೆ. ಒಬ್ಬ ಕೇಡಿಗನ ಅಡುಗೆಮನೆಯಲ್ಲೇ ಮದ್ದೂ ಹುಟ್ಟುತ್ತೆ. ನಿಮ್ಮ ದೇವರಿಗೂ ಇಂಥ ಒಂದು ಸಂದು ಇಡಿ. ಎದುರಾಳಿಗೆ ಗೆಲ್ಲುವ ದಾರಿ ಅಲ್ಲಿಂದ ಸಿಗಬೇಕು.

ಊರಿನ ದೇವರನ್ನು ತರಬೇಡಿ

ಮುಂದೆ ಹೋಗುವ ಮೊದಲು ಈ ಮಾತು ಹೇಳಲೇಬೇಕು. ಮಲೆನಾಡಿನಲ್ಲಿ ಕೂತು ಕಥೆ ಕಟ್ಟುವವರಿಗೆ ಚೌಡಿ, ಭೂತಪ್ಪ, ಜಟಕ ಎಲ್ಲ ಕೈಗೆ ಸಿಗುವ ಹಾಗೆ ಕಾಣುತ್ತಾರೆ. ತೋಟದ ತಲೆಯಲ್ಲಿ ಕಲ್ಲು ಇದೆ, ಬನ ಇದೆ, ಹರಕೆ ತಪ್ಪಿದರೆ ಸಿಟ್ಟಾಗುವ ಕಥೆಯೂ ಇದೆ. ಆದರೆ ಅವರು ಜನ ಇವತ್ತಿಗೂ ಕಾಯಿ ಒಡೆದು ಕೈಮುಗಿಯುವ, ಗಡಿ ಕಾಯುವ ದೇವರು. ಅವರನ್ನು ರಾಕ್ಷಸ ಪಡೆಯ ಯಜಮಾನರನ್ನಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಗುಂಪಿನಲ್ಲಿ ಯಾರೂ ಮಾಡುವುದಿಲ್ಲ. ಊರಿನಿಂದ ಬೇಕಾದ್ದು ತಗೊಳ್ಳಿ: ಮಳೆ, ಕೆಸರು, ಇಂಬಳ, ಕತ್ತಲು, ಜನರ ಆಸೆ, ಜನರ ಸಂಕಟ. ದೇವರ ಹೆಸರು ಮಾತ್ರ ನಿಮ್ಮದೇ ಇರಲಿ.

ಒಂದು ಉದಾಹರಣೆ, ಬುಡದಿಂದ

ನಾನು ಕಟ್ಟಿದ ದೇವರ ಹೆಸರು ಮುಳುಗೊಡೆಯ.

ನಮ್ಮ ಅಜ್ಜಿಯ ತವರುಮನೆ ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿಗೆ ಊರು ಊರುಗಳೇ ಹೋದವು. ಈಗಲೂ ಈ ಕಡೆ ‘ಮುಳುಗಡೆ’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತೆ. ಮನೆ ಬಿಡುವಾಗ ದಾರಂದ, ಬಾಗಿಲು ಎಲ್ಲ ಕಿತ್ತು ಗಾಡಿಗೆ ಹೇರಿದ್ದರಂತೆ. ಅಜ್ಜಿ ಕೊನೆಯವರೆಗೂ ಆ ಮನೆಯ ಬೀಗದಕೈ ಇಟ್ಟುಕೊಂಡಿದ್ದಳು. ಬಾಗಿಲೇ ಇಲ್ಲದ ಮನೆಯ ಬೀಗದಕೈ.

ಆ ಬೀಗದಕೈಯೇ ನನ್ನ ದೇವರ ಬುಡ. ಅವನು ಕೊಡುವುದು ಇಷ್ಟು: ಕಳೆದುಕೊಂಡಿದ್ದನ್ನು ವಾಪಸ್ ಕೊಡುತ್ತಾನೆ. ಮುಳುಗಿದ ಮನೆ, ಒಲೆ, ಸತ್ತ ತಮ್ಮ, ಎಲ್ಲ ಇದ್ದ ಹಾಗೇ ಸಿಗುತ್ತೆ. ಆದರೆ ಎಲ್ಲವೂ ನೀರಿನ ಕೆಳಗೆ. ಒಮ್ಮೆ ಒಳಗೆ ಹೋದವರು ಮತ್ತೆ ಒಣ ನೆಲಕ್ಕೆ ಕಾಲಿಡುವ ಹಾಗಿಲ್ಲ. ಅವನು ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ಬಾಗಿಲು ತೆಗೆದು ದೀಪ ಹಚ್ಚಿ ಕಾಯುತ್ತಾನೆ.

ಕೊಡುವುದು ಯಾವುದು, ಕಸಿಯುವುದು ಯಾವುದು ಅಂತ ಗೊತ್ತಾದ ಮೇಲೆ ಉಳಿದದ್ದು ಸಲೀಸು. ವಾರ್‌ಹ್ಯಾಮರ್‌ನಲ್ಲಿ ಪ್ರತಿ ದೇವರಿಗೂ ಒಂದು ಸಂಖ್ಯೆ ಇದೆ: ಸ್ಲಾನೆಶ್‌ಗೆ 6, ನರ್ಗಲ್‌ಗೆ 7, ಖೋರ್ನ್‌ಗೆ 8, ಟ್ಸೀಂಚ್‌ಗೆ 9. ಪಡೆಯ ಲೆಕ್ಕ, ಚಿಹ್ನೆ, ಕಥೆ ಎಲ್ಲದರಲ್ಲೂ ಅದು ಇಣುಕುತ್ತೆ. ಮುಳುಗೊಡೆಯನಿಗೆ ನಾನು 4 ಕೊಟ್ಟೆ, ಮಳೆಗಾಲದ ನಾಲ್ಕು ತಿಂಗಳು. ತುಕಡಿಯಲ್ಲಿ ನಾಲ್ಕು ಅಥವಾ ಎಂಟು ಜನ. ಬಣ್ಣ ಎರಡೇ, ಪಾಚಿ ಹಸಿರು ಮತ್ತು ದೀಪದ ಹಳದಿ. ಮೂರನೆಯದು ಸೇರಿಸಲು ಕೈ ತುರಿಸುತ್ತೆ, ಸೇರಿಸಬೇಡಿ.

ದೇವರಿಗೆ ಒಬ್ಬ ವೈರಿಯೂ ಬೇಕು. ಖೋರ್ನ್‌ಗೂ ಸ್ಲಾನೆಶ್‌ಗೂ ಆಗಿಬರುವುದಿಲ್ಲ. ಎಲ್ಲ ಬದಲಾಗಲಿ ಅನ್ನುವ ಟ್ಸೀಂಚ್‌ಗೂ, ಇದ್ದಲ್ಲೇ ಇದ್ದು ಸಹಿಸಿಕೋ ಅನ್ನುವ ನರ್ಗಲ್‌ಗೂ ಆಗಿಬರುವುದಿಲ್ಲ. ಅವರವರು ಕೊಡುವ ವರವೇ ಒಂದಕ್ಕೊಂದು ಉಲ್ಟಾ. ಮುಳುಗೊಡೆಯನ ವೈರಿಯನ್ನು ಕಟ್ಟಿದವನು ನನ್ನ ಅಕ್ಕನ ಮಗ. ಅವನ ದೇವರು ಹೆದ್ದಾರಿಯವನು. ಊರು ಬಿಟ್ಟು ಹೋಗುವವನಿಗೆ ಊರಿನ ನೆನಪೇ ಕಾಡದ ಹಾಗೆ ಮಾಡುತ್ತಾನೆ. ಅದಕ್ಕೆ ಬೆಲೆ, ವಾಪಸ್ ಬಂದಾಗ ತಾಯಿಯ ಮುಖ ಗುರುತು ಸಿಗುವುದಿಲ್ಲ. ಹದಿಹರೆಯದ ಹುಡುಗ ಇದನ್ನು ಬರೆದು ತಂದಾಗ ನಾನು ಪ್ರಿಂಟ್ ಹಾಕುವುದು ಬಿಟ್ಟು ಓದುತ್ತಾ ಕೂತೆ.

ದೇವರು ಬೇರೆ, ರಾಕ್ಷಸ ರಾಜ ಬೇರೆ

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ದೇವರನ್ನು ಮೇಜಿನ ಮೇಲೆ ತರಬೇಡಿ. ದಾಳ ಹಾಕಿ ಸಾಯಿಸಬಹುದಾದವನು ದೇವರಾಗಿ ಉಳಿಯುವುದಿಲ್ಲ. ಅದೇ ಕಂಪನಿಯ ಏಜ್ ಆಫ್ ಸಿಗ್ಮಾರ್ ಆಟದಲ್ಲಿ ಸ್ಲಾನೆಶ್‌ನನ್ನು ಎಲ್ಫ್ ದೇವರುಗಳು ಸೆರೆ ಹಿಡಿದು ಬಚ್ಚಿಟ್ಟಿದ್ದಾರೆ. ಅವನ ಪಡೆಯಲ್ಲಿ ಒಂದು ಗುಂಪು ಅವನನ್ನು ಹುಡುಕುತ್ತಾ ಅಲೆಯುತ್ತೆ, ಇನ್ನೊಂದು ಗುಂಪು ಖಾಲಿ ಗದ್ದುಗೆಯ ಮೇಲೆ ಕಣ್ಣು ಹಾಕಿದೆ. ದೇವರು ಎದುರಿಗಿಲ್ಲದೆಯೂ ಇಡೀ ಸೈನ್ಯ ನಡೆಯುತ್ತೆ.

ಮೇಜಿಗೆ ಬರುವವರು ಎರಡು ಥರ. ಒಂದು, ದೇವರ ತುಣುಕಿನಿಂದಲೇ ಆದ ದೊಡ್ಡ ರಾಕ್ಷಸರು. ಖೋರ್ನ್‌ನ ಬ್ಲಡ್‌ಥರ್ಸ್ಟರ್, ಟ್ಸೀಂಚ್‌ನ ಹಕ್ಕಿ ತಲೆಯ ಲಾರ್ಡ್ ಆಫ್ ಚೇಂಜ್ ಈ ಜಾತಿ. ಇನ್ನೊಂದು, ಮನುಷ್ಯನಾಗಿ ಹುಟ್ಟಿ ಸೇವೆ ಮಾಡಿ ರಾಕ್ಷಸನಾದವರು. ಬೆಲಾಕೋರ್ ಈ ದಾರಿಯಲ್ಲಿ ಮೊದಲನೆಯವನು. ನಾಲ್ಕೂ ದೇವರ ಕೃಪೆ ಸಿಕ್ಕಿ ಸೊಕ್ಕಿದ, ಬೇರೆಯವರ ತಲೆಗೆ ಕಿರೀಟ ಇಡುವ ಶಾಪ ಹೊತ್ತ.

ಮೊದಲ ಸಲ ಕಟ್ಟುವವರಿಗೆ ಎರಡನೆಯ ಥರವೇ ಒಳ್ಳೆಯದು. ಅವನಿಗೆ ಮೊದಲೊಂದು ಬದುಕು ಇತ್ತು, ಅಲ್ಲೇ ಕಥೆ ಸಿಗುತ್ತೆ. ಮೊದಲ ಥರದವರಿಗೆ ಕಥೆ ಬೇಕಾದರೆ ಸ್ಕಾರ್‌ಬ್ರ್ಯಾಂಡ್ ನೋಡಿ. ಟ್ಸೀಂಚ್‌ನ ಕುತಂತ್ರಕ್ಕೆ ಸಿಕ್ಕಿ ತನ್ನ ಒಡೆಯ ಖೋರ್ನ್‌ಗೇ ಹಿಂದಿನಿಂದ ಕೊಡಲಿ ಬೀಸಿದ. ಕವಚದಲ್ಲಿ ಸಣ್ಣ ಬಿರುಕು ಬಿತ್ತು, ಅಷ್ಟೇ. ಖೋರ್ನ್ ಅವನನ್ನು ಎತ್ತಿ ಎಸೆದ. ಗೊಂಬೆಯ ಹರಿದ ರೆಕ್ಕೆಯೇ ಆ ಕಥೆ ಹೇಳುತ್ತೆ.

ನನ್ನ ರಾಕ್ಷಸ ರಾಜ ‘ತಳದ ಪಟೇಲ’. ಬದುಕಿದ್ದಾಗ ಊರಿನ ಪಟೇಲ. ಎಲ್ಲರೂ ಗಾಡಿ ಕಟ್ಟಿದಾಗ ಇವನು ಮನೆ ಮನೆಯ ಬೀಗದಕೈ ಇಸಿದುಕೊಂಡು ಚಾವಡಿಯಲ್ಲಿ ಕೂತ. ನೀರು ಬಂತು, ಅವನು ಏಳಲಿಲ್ಲ. ಈಗ ಸೊಂಟದ ಗೊಂಚಲಿನ ಒಂದೊಂದು ಬೀಗದಕೈ ಒಂದೊಂದು ಮನೆತನದ್ದು.

ಗೊಂಬೆ

ವಿದೇಶಿ ಗೊಂಬೆ ದುಬಾರಿ. ನಮ್ಮಲ್ಲಿ ಸಾಮಾನಿಗೆ ಕೊರತೆಯಿಲ್ಲ. ಅಡಿಗೆ ಹಳೇ ಸಿಡಿ. ಒಳಗೆ ತಂತಿ ಬಗ್ಗಿಸಿ ಎಲುಬು ಮಾಡಿ. ಮಾಂಸಕ್ಕೆ ಎಂ-ಸೀಲ್. ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತೆ, ಹಾಗಾಗಿ ಒಂದು ಸಲಕ್ಕೆ ಒಂದು ಕೈ ಅಥವಾ ಒಂದು ಕಾಲು ಮಾತ್ರ. ಬೆರಳಿಗೆ ನೀರು ಹಚ್ಚಿಕೊಂಡು ತಿದ್ದಿ. ಹರಿದ ಬಟ್ಟೆ, ರೆಕ್ಕೆಯ ಚರ್ಮಕ್ಕೆ ಅಡಿಕೆ ಹಾಳೆ ಬಿಟ್ಟರೆ ಇನ್ನೊಂದಿಲ್ಲ. ನೆನೆಸಿ, ಒಳಗಿನ ತೆಳು ಪದರ ಸುಲಿದು, ಬೇಕಾದ ಹಾಗೆ ಬಗ್ಗಿಸಿ ಒಣಗಿಸಿದರೆ ನಾರು ನಾರಾಗಿ ಎದ್ದು ನಿಲ್ಲುತ್ತೆ. ಅಡಿಕೆ ಸಿಪ್ಪೆಯ ನಾರನ್ನು ಬಿಡಿಸಿ ಅಂಟಿಸಿದರೆ ಜೊಂಡು.

ಸಾಗರದ ಗುಡಿಗಾರರು ಗಂಧ ಕೆತ್ತುವುದನ್ನು ನಿಂತು ನೋಡಿ. ಮೊದಲು ಇಡೀ ಮೈಯ ಬಾಗು ಬಿಡಿಸುತ್ತಾರೆ, ಕಣ್ಣು ಮೂಗು ಕಡೆಗೆ. ಗೊಂಬೆಗೂ ಅದೇ ಸರಿ. ಎರಡು ತಲೆಯ ರಾಕ್ಷಸ ಬೇಕಿದ್ದರೆ ಕೆಳದಿ ದೇವಸ್ಥಾನದಲ್ಲಿ ಕೆತ್ತಿರುವ ಗಂಡಭೇರುಂಡ ನೋಡಿಕೊಂಡು ಬನ್ನಿ. ಒಂದೇ ಎದೆಯಿಂದ ಎರಡು ಕತ್ತು ಎಲ್ಲಿ ಕವಲೊಡೆಯುತ್ತೆ ಅನ್ನುವುದು ಯಾವ ವಿಡಿಯೋಗಿಂತ ಚೆನ್ನಾಗಿ ತಿಳಿಯುತ್ತೆ.

ಬಣ್ಣದ ವಿಷಯಕ್ಕೆ ಬಂದರೆ, ಜೂನ್‌ನಿಂದ ಸ್ಪ್ರೇ ಪ್ರೈಮರ್ ಮುಟ್ಟಬೇಡಿ. ಈ ತೇವದ ಗಾಳಿಯಲ್ಲಿ ಅದು ಪುಡಿ ಪುಡಿಯಾಗಿ ಕೂರುತ್ತೆ, ಗೊಂಬೆ ಒರಟಾಗುತ್ತೆ. ಬ್ರಷ್‌ನಲ್ಲೇ ತೆಳ್ಳಗೆ ಎರಡು ಕೈ ಬಳಿಯಿರಿ. ಒಂದು ಕೈ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಪಟೇಲನ ಬೀಗದಕೈಗೆ ಮೊದಲು ಹಿತ್ತಾಳೆ ಬಣ್ಣ ಕೊಟ್ಟೆ. ಅದರ ಸಂದಿಗಳಲ್ಲಿ, ಬೋರ್ಡೋ ಔಷಧಿ ಹೊಡೆದ ಅಡಿಕೆ ಗೊನೆಯ ಮೇಲೆ ಉಳಿಯುತ್ತಲ್ಲ, ಅಂಥ ತಿಳಿ ನೀಲಿ. ಬೋರ್ಡೋದಲ್ಲಿ ಇರುವುದೂ ತಾಮ್ರದ ಮೈಲುತುತ್ತವೇ, ಹಾಗಾಗಿ ಕಿಲುಬಿಗೆ ಆ ಬಣ್ಣ ಸರಿಯಾಗಿ ಹೊಂದುತ್ತೆ. ಕೊನೆಗೆ ಮಂಡಿಯಿಂದ ಕೆಳಗೆ ಮಾತ್ರ ಹೊಳಪಿನ ವಾರ್ನಿಶ್, ಮೇಲೆ ಹೊಳಪಿಲ್ಲದ್ದು. ಈಗಷ್ಟೇ ನೀರಿನಿಂದ ಎದ್ದು ಬಂದವನ ಹಾಗೆ ಕಾಣುತ್ತಾನೆ.

ಯುದ್ಧದ ನೆಲಕ್ಕೆ ನಮ್ಮದು ಹಿರೇಭಾಸ್ಕರ ಅಣೆಕಟ್ಟು. ಲಿಂಗನಮಕ್ಕಿಗಿಂತ ಹಳೆಯದು, ಅದರ ನೀರಿನಲ್ಲೇ ಮುಳುಗಿದ್ದು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಮಡೆನೂರಿನ ಹತ್ತಿರ ಮೇಲೆ ಕಾಣುತ್ತೆ. ಥರ್ಮಾಕೋಲ್‌ನಲ್ಲಿ ಮಾಡಿ ಮೇಜಿನ ನಡುವೆ ಇಟ್ಟಿದ್ದೇವೆ.

ರೂಲ್

ಕಥೆಯಲ್ಲಿ ಒಂದು, ಆಟದಲ್ಲಿ ಇನ್ನೊಂದು ಆಗಬಾರದು. ಕಥೆಯಲ್ಲಿ ಭಾರೀ ಒಪ್ಪಂದ ಬರೆದು, ಆಟದಲ್ಲಿ ‘ದಾಳಕ್ಕೆ ಒಂದು ಸೇರಿಸಿ’ ಅಂದರೆ ಸುಮ್ನೆ ಹೋಯಿತು. ಮುಳುಗೊಡೆಯನ ರೂಲ್ ಹೀಗಿದೆ: ನಿಮ್ಮ ಸರದಿ ಮುಗಿದಾಗ ಸತ್ತ ಒಂದು ಗೊಂಬೆಯನ್ನು ಅದರ ತುಕಡಿಗೆ ವಾಪಸ್ ಕರೆಯಬಹುದು. ಕರೆದರೆ ಆ ತುಕಡಿಯ ಕೆಳಗೆ ನೀರು ಹಾಸಬೇಕು. ನೀಲಿ ಟಾರ್ಪಾಲಿನ ತುಂಡು ಸಾಕು. ಆ ತುಕಡಿ ಆಟ ಮುಗಿಯುವ ತನಕ ನೀರು ಬಿಟ್ಟು ಹೊರಗೆ ಬರುವಂತಿಲ್ಲ. ಪಟೇಲ ನಿಂತಲ್ಲಿಂದ ಪ್ರತಿ ಸರದಿಗೆ ನಾಲ್ಕು ಇಂಚು ನೀರು ಹರಡುತ್ತೆ. ಎದುರಾಳಿಗೆ ಇರುವ ಸಂದು: ಪಟೇಲನ ಪಕ್ಕಕ್ಕೆ ಒಬ್ಬನನ್ನು ತಲುಪಿಸಿ ದಾಳದಲ್ಲಿ ಆರು ಬಿದ್ದರೆ ಒಂದು ಬೀಗದಕೈ ಕಿತ್ತುಕೊಳ್ಳಬಹುದು, ಒಂದು ತುಕಡಿಯ ಋಣ ಹರಿಯುತ್ತೆ. ಅದು ನೀರು ಬಿಟ್ಟು ಹೊರಗೆ ಬರಬಹುದು, ಆದರೆ ವಾಪಸ್ ಬಂದ ಗೊಂಬೆಗಳೆಲ್ಲ ಮೇಜು ಬಿಡುತ್ತವೆ.

ಮುಳುಗೊಡೆಯನ ಪಡೆಯನ್ನು ಮೊದಲು ಆಡಿಸಿ ನೋಡಿದ್ದು ಅಕ್ಕನ ಮಗನ ಕೈಯಲ್ಲಿ. ಗೆಲ್ಲಲು ಹಿಡಿಯಬೇಕಾದ ಗುಡ್ಡ ಅವನ ಈಟಿ ತುಕಡಿಗೆ ಒಂದು ಗೇಣು ದೂರ. ಆ ತುಕಡಿಯಲ್ಲಿ ಒಬ್ಬನೇ ಉಳಿದಿದ್ದ. ಹುಡುಗ ಸತ್ತ ಗೊಂಬೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಗುಡ್ಡ ನೋಡಿದ, ಟಾರ್ಪಾಲು ನೋಡಿದ.

‘ಚಿಕ್ಕಿ, ಕರೆದ್ರೆ ಇವ್ರು ಇಲ್ಲೇ ಕೂತ್ಬಿಡ್ತಾರಲ್ಲ?’

‘ಹೌದು ಮಾರಾಯ, ಬೇಕಾದ್ರೆ ಕರಿ.’

ಕರೆದ. ಗುಡ್ಡ ಹೋಯಿತು. ರೂಲ್ ಸರಿಯಾಗಿದೆ ಅಂತ ನನಗೆ ಆಗ ಗೊತ್ತಾಯಿತು. ಪ್ರತಿ ಸಲವೂ ಕರೆಯುವುದೇ ಲಾಭ ಅಂತಾದರೆ ಬೆಲೆ ಹೆಚ್ಚಿಸಿ. ಯಾರೂ ಕರೆಯುವುದೇ ಇಲ್ಲ ಅಂತಾದರೆ ಇಳಿಸಿ. ಆಟಗಾರನ ಕೈ ಗೊಂಬೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನೊಂದು: ರಾಕ್ಷಸ ರಾಜನನ್ನು ಮೊದಲ ಸರದಿಗೇ ಮೇಜಿಗೆ ಇಳಿಸಬೇಡಿ. ಯಕ್ಷಗಾನದಲ್ಲಿ ಬಣ್ಣದ ವೇಷ ನೇರ ಬಂದು ನಿಲ್ಲುತ್ತಾ? ತೆರೆ ಹಿಡಿಯುತ್ತಾರೆ. ಚೆಂಡೆ ಏರುತ್ತೆ. ತೆರೆಯ ಮೇಲೆ ಮೊದಲು ಕಿರೀಟದ ತುದಿ, ಆಮೇಲೆ ಕೈ, ಆಮೇಲೆ ಮುಖ. ಎದುರಿಗೆ ಕೂತ ಮಕ್ಕಳು ಅಷ್ಟರಲ್ಲಿ ಅಮ್ಮನ ಸೆರಗು ಹಿಡಿದಾಗಿರುತ್ತೆ. ನಮ್ಮ ಆಟದಲ್ಲಿ ಮೊದಲ ಸರದಿಗೆ ಮೇಜಿನ ಮೂಲೆಯಲ್ಲಿ ಒಂದು ಬೀಗದಕೈ ಇಡುತ್ತೇವೆ. ಎರಡನೆಯದಕ್ಕೆ ಅದರ ಸುತ್ತ ನೀರು. ಮೂರನೆಯದಕ್ಕೆ ಪಟೇಲ.

ಇಷ್ಟೂ ಒಂದೇ ಎ4 ಹಾಳೆಯ ಒಂದು ಬದಿಯಲ್ಲಿ ಹಿಡಿಸಬೇಕು: ಮೇಲೆ ನಾಲ್ಕು ಸಾಲು ಕಥೆ, ಕೆಳಗೆ ರೂಲ್. ಹಿಡಿಸದಿದ್ದರೆ ಕಥೆಗೆ ಕತ್ತರಿ ಹಾಕಿ, ರೂಲ್‌ಗೆ ಬೇಡ. ಎದುರಾಳಿಗೆ ಆಟಕ್ಕೆ ಮುಂಚೆಯೇ ಒಂದು ಪ್ರತಿ ಕೊಡಿ. ಲ್ಯಾಮಿನೇಶನ್ ಮಾಡಿಸಿ, ನಮ್ಮ ಮಳೆಗಾಲಕ್ಕೆ ಬರೀ ಕಾಗದ ತಡೆಯುವುದಿಲ್ಲ.